ಕೊಪ್ಪರಿಗೆ ವಾಪಸ್ ಕಳಿಸುವ ಬಗ್ಗೆ

ಕುಲದ ಯಜಮಾನರೂ ನನ್ನ ಭಾವನೂ ಆದ ಶಿವಮಲ್ಲಪ್ಪನವರಿಗೆ,

ನನ್ನ ಮಗಳು ಗಾನವಿ ಬೇರೆ ಜಾತಿಯವನನ್ನು ಮದುವೆಯಾಗಿ ನಂಜನಗೂಡಿಗೆ ಹೋದ ಮೇಲೆ ನೀವು ಕುಲದವರನ್ನು ಕೂರಿಸಿಕೊಂಡು ಆಡಿದ ಮಾತು ನನ್ನ ಕಿವಿಗೂ ಬಿತ್ತು. "ಬಹಿಷ್ಕಾರ ಅಂತ ಯಾರೂ ಅನ್‌ಬ್ಯಾಡಿ, ಕೇಸಾಯ್ತದೆ. ಚನ್ನಾಜಮ್ಮನ್ ಮನೆಗೆ ಓಗೋದು ಬರೋದು ಬ್ಯಾಡ, ಅಷ್ಟೇ ಅನ್ನಿ." ಹೆಸರು ಬದಲಾಯಿಸಿದರೆ ಉರಿ ಕಡಿಮೆಯಾಗುತ್ತದೆಯೇ? ಅಂದಿನಿಂದ ಬೀದಿಯಲ್ಲಿ ಒಬ್ಬರೂ ನನ್ನನ್ನು ಮಾತಾಡಿಸಿಲ್ಲ.

ಹೀಗಿದ್ದೂ ಮೊನ್ನೆ ನಿಮ್ಮ ಮಗ ಸೋಮಶೇಖರ ತನ್ನ ಮದುವೆಯ ಅಡುಗೆಗೆಂದು ಹಿತ್ತಿಲ ಬಾಗಿಲಿಗೆ ಬಂದ. "ಚಿಕ್ಕವ್ವ, ಅಪ್ಪ ಕೊಪ್ಪರಿಗೆ ಇಸ್ಕೊಂಡ್ ಬಾ ಅಂದ್ರು" ಅಂದ. ಊರಿನ ಎಲ್ಲ ಮದುವೆಗೂ ಅನ್ನ ಬೇಯುವುದು ನಾನು ತವರಿನಿಂದ ತಂದ ಆ ಕೊಪ್ಪರಿಗೆಯಲ್ಲೇ. ಕೊಟ್ಟೆ. ಮದುವೆಗೆ ಬಾ ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ನನ್ನ ಕೊಪ್ಪರಿಗೆಯ ಅನ್ನವನ್ನು ಇಡೀ ಕುಲ ಉಂಡು ಕೈತೊಳೆಯಿತು.

ನಾಳೆಯೇ ಅದನ್ನು ಕಳಿಸಿ. ಮುಂಬಾಗಿಲಿಗೆ, ಹಾಡಹಗಲಲ್ಲಿ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಹಿಡಿ ಅಕ್ಕಿ ಹಾಕುವುದು ನಮ್ಮ ವಾಡಿಕೆ. ಹಾಕಬೇಡಿ. ನಿಮ್ಮ ಮನೆಯ ಒಂದು ಕಾಳೂ ನನ್ನ ಹೊಸಿಲು ದಾಟಕೂಡದು.

ಇದಕ್ಕೆ ಬಹಿಷ್ಕಾರ ಅಂತಾರೆ ಭಾವ. ನಾನು ಬಾಯಿಬಿಟ್ಟೇ ಹೇಳುತ್ತಿದ್ದೇನೆ, ಬೇಕಿದ್ದರೆ ಕೇಸು ಹಾಕಿ.

ಈಗಲೂ ನಿಮ್ಮ ತಮ್ಮನ ಹೆಂಡತಿಯೇ ಆದ
ಚನ್ನಾಜಮ್ಮ