ಸಾಕು ಎನ್ನುವ ಕಣ

ಗದಗ
ಫೆಬ್ರುವರಿ 30, 2191

ಹಿಂದಿನ ಕಾಲದವರಿಗೆ,

ತಾರೀಖು ತಪ್ಪಲ್ಲ, ನಮ್ಮ ಹೊಸ ಕ್ಯಾಲೆಂಡರಿನಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಕೆಲವು ಪದಗಳು ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ಒಂದನ್ನಂತೂ ವಿವರಿಸಲೇಬೇಕು: ಸಾಕುಕಣ. ನೀವು ಅದನ್ನು ನಿಯಂತ್ರಕ ಟಿ ಕೋಶ ಎನ್ನುತ್ತೀರಿ. ರೋಗದ ಮೇಲೆ ಬೀಳುವ ಬಿಳಿ ರಕ್ತಕಣಗಳನ್ನು 'ಇನ್ನು ಸಾಕು' ಎಂದು ತಡೆಯುವ ಕಣ ಅದು. ಆಸ್ಪತ್ರೆಯಲ್ಲಿ ರೋಗಿಯ ರಕ್ತದಿಂದಲೇ ಅದನ್ನು ತೆಗೆದು, ಗಾಜಿನ ಬಟ್ಟಲಲ್ಲಿ ಸಾಕಿ ಬೆಳೆಸಿ, ಮತ್ತೆ ಮೈಗೆ ಬಿಡುತ್ತಾರೆ. ಎರಡೂ ಅರ್ಥಕ್ಕೆ ಹೆಸರು ಹೊಂದಿತು.

ನನ್ನ ಅಕ್ಕ ಸಾವಂತ್ರವ್ವನಿಗೆ ಅದನ್ನು ಕೊಟ್ಟಿದ್ದರು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನಡುವಯಸ್ಸಿನಲ್ಲಿ ಅವಳ ದೇಹ ತನ್ನ ಕೀಲುಗಳನ್ನೇ ಪರಕೀಯವೆಂದು ತಿಳಿದು ಕೆಡಿಸತೊಡಗಿತು. ಬೆರಳು ಮಡಚಿಕೊಂಡವು. ಸಾಕುಕಣ ಕೊಟ್ಟ ಮೇಲೆ ಬಾವು ಇಳಿದು ಬೆರಳು ಬಿಚ್ಚಿದವು. ಈಗ ಮನೆಮನೆಗೆ ಒಲೆ ಇಲ್ಲ, ಓಣಿಗೊಂದು ಬಿಸಿಲೊಲೆ. ಅಲ್ಲಿ ಅವಳು ಮತ್ತೆ ಜೋಳದ ರೊಟ್ಟಿ ಬಡಿಯಲು ಕುಳಿತಳು. ಅವಳ ರೊಟ್ಟಿಗೆ ಜನ ಸರದಿ ನಿಲ್ಲುತ್ತಿದ್ದರು. ನನ್ನ ರೊಟ್ಟಿಗೆ ಅವಳಿಟ್ಟ ಹೆಸರು ಭೂಪಟ.

ಕಳೆದ ವರ್ಷ ಅವಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಕೊಟ್ಟ ಕಣಗಳಿಂದಲೇ ಬಂತೆಂದು ಹೇಳಲಾಗದು ಎಂದರು ಡಾಕ್ಟರ್ ಮೆಹರುನ್ನಿಸಾ. ಆದರೆ ಗಡ್ಡೆ ತನ್ನ ಸುತ್ತ ಸಾಕುಕಣಗಳನ್ನು ಸೇರಿಸಿಕೊಂಡಿತ್ತು. ಅದನ್ನು ಕೊಲ್ಲಲು ಬಂದ ಕಣಗಳು ಅಲ್ಲಿ ಸುಮ್ಮನೆ ನಿಂತಿದ್ದವು. ಸಾಕುಕಣ ಕಡಿಮೆ ಮಾಡಿದರೆ ಗಡ್ಡೆ ಕರಗಬಹುದು, ಆದರೆ ಕೀಲುರೋಗ ಮರಳುತ್ತದೆ. ಒಂದು ಕಡೆ ಇಳಿಸಿ ಇನ್ನೊಂದು ಕಡೆ ಉಳಿಸುವುದು ನಮಗೂ ಬಂದಿಲ್ಲ.

ಅಕ್ಕ ತನ್ನ ಕೈ ನೋಡಿಕೊಂಡಳು. “ಈ ಕೈ ಹ್ವಾದ್ರ ನಿನ್ನ ಭೂಪಟಾನ ತಿನ್ನಬೇಕೇನೋ ತಮ್ಮಾ?”

“ತಿನ್ನಬೇಕಾಕ್ಕೈತಿ, ಅಕ್ಕಾ.”

ಅವಳು ಚಿಕಿತ್ಸೆಗೆ ಒಪ್ಪಿದಳು.

ಗಡ್ಡೆ ಕುಗ್ಗಿದೆ. ಬೆರಳುಗಳು ಮತ್ತೆ ಮಡಚಿಕೊಂಡಿವೆ. ಬಾಚಣಿಗೆ ಹಿಡಿಯಲೂ ಆಗುವುದಿಲ್ಲ. ತಲೆ ಬಾಚುವುದು, ಉಣಿಸುವುದು ನನ್ನ ಕೆಲಸ. ಸಂತೋಷವೇ, ದುಃಖವೇ ಎಂದು ಓಣಿಯವರು ಕೇಳುತ್ತಾರೆ. ನಾನು ಹಿಟ್ಟು ನಾದುತ್ತೇನೆ.

ನಿಮ್ಮಲ್ಲಿ ಒಂದೇ ಕೋರಿಕೆ. ಈ ಕಣವನ್ನು ನೀವು ಈಗಷ್ಟೇ ಅರಿಯುತ್ತಿದ್ದೀರಿ. ಎಷ್ಟು ಹೆಚ್ಚಿಸಬೇಕು, ಎಷ್ಟು ಇಳಿಸಬೇಕು ಎಂದಷ್ಟೇ ನೋಡಬೇಡಿ. ಮೈಯಲ್ಲಿ ಎಲ್ಲಿ ಎಂಬುದನ್ನೂ ಹುಡುಕಿ. ನಾವು ಆ ಪ್ರಶ್ನೆಯನ್ನು ತಡವಾಗಿ ಕೇಳಿದೆವು.

ಊಟದ ಹೊತ್ತಾಯಿತು, ನಿಲ್ಲಿಸುತ್ತೇನೆ. ಅಕ್ಕ ಎರಡನೇ ತುತ್ತಿಗೇ ಸಾಕು ಎನ್ನುತ್ತಾಳೆ. ಚಿಕ್ಕವನಿದ್ದಾಗ ನಾನು ಹಾಗೆಂದರೆ ಅವಳು ಕೇಳುತ್ತಿರಲಿಲ್ಲ. ನಾನೂ ಇನ್ನೊಂದು ತುತ್ತು ಮುರಿಯುತ್ತೇನೆ.

ಇಂತಿ,
ಈರಪ್ಪ