ಸುಳ್ಳು ಅಲಾರಂ

ನವೆಂಬರ್ 12, ಮಂಗಳವಾರ

ಇವತ್ತಿಗೆ ನಮ್ಮ ಮನೆಯ ಅಲಾರಂ ಪರ್ಮಿಟ್ ರದ್ದಾಯಿತು. ಇನ್ನು ಸೈರನ್ ಎಷ್ಟು ಕೂಗಿಕೊಂಡರೂ ಪೊಲೀಸರು ಬರುವುದಿಲ್ಲ.

ಕಳ್ಳರಿಗೆ ಹೆದರಿ ಹಾಕಿಸಿದ್ದಲ್ಲ ಅದು. ನನ್ನ ಗಂಡ ತೇಯೋಗೆ ಈಗೀಗ ಯಾವುದೂ ನೆನಪಿರುವುದಿಲ್ಲ. ಬಾಗಿಲು ತೆಗೆದುಕೊಂಡು ಹೊರಟುಬಿಡುತ್ತಾನೆ, ಆಮೇಲೆ ಮನೆ ಯಾವುದೆಂದು ಗೊತ್ತಾಗುವುದಿಲ್ಲ. ಯಾರಾದರೂ ಓಡಿ ಬರಲಿ ಅಂತ ಹಾಕಿಸಿದೆ. ಆದರೆ ನಗರಸಭೆಯ ನಿಯಮಕ್ಕೆ ಕಳ್ಳ ಒಳಗೆ ಬರಬೇಕು. ಗಂಡ ಹೊರಗೆ ಹೋದರೆ ಅದು ಸುಳ್ಳು ಅಲಾರಂ. ಸುಳ್ಳು ಜಾಸ್ತಿಯಾದರೆ ಪರ್ಮಿಟ್ ಹೋಯಿತು.

ಮಧ್ಯಾಹ್ನ ತೇಯೋನನ್ನು ಹುಡುಕಿ ಕರೆತಂದ ಪೊಲೀಸಿನವನು, ವಿಯಾಸೆನ್ಯೋರ್, ಒಳ್ಳೆಯವನೇ. ನಾನು ಕೊಟ್ಟ ತಮಾಲೆ ಕಡುಬು ತಿನ್ನುತ್ತಾ ಹೇಳಿದ: "ನಾನೇನ್ ಮಾಡ್ಲಿ ಅಮ್ಮಾ? ಏನಾದ್ರೂ ಕಳುವಾಗಿದ್ರೆ ಬರ್ಕೋಬಹುದಿತ್ತು. ನಿಮ್ಮನೇಲಿ ಏನೂ ಹೋಗಿಲ್ವಲ್ಲ."

ಏನೂ ಹೋಗಿಲ್ಲವಂತೆ.

ಅಷ್ಟರಲ್ಲಿ ತೇಯೋ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಸದ್ಯ, ಬಂದ್ರಲ್ಲ. ನೋಡಿ, ಇವಳೇ. ಒಳಗೆ ಹೇಗೆ ನುಗ್ಗಿದಳೋ ಗೊತ್ತಿಲ್ಲ. ನನ್ನ ಹೆಂಡ್ತಿ ಬಟ್ಟೆ ಹಾಕ್ಕೊಂಡು ಓಡಾಡ್ತಾಳೆ. ಅವಳು ಬರೋದ್ರೊಳಗೆ ಇವಳನ್ನ ಕರ್ಕೊಂಡ್ಹೋಗಿ."

ವಿಯಾಸೆನ್ಯೋರ್ ತಲೆ ತಗ್ಗಿಸಿದ. ಅಂತೂ ನಿಯಮಕ್ಕೆ ಬೇಕಾದ ಕಳ್ಳಿ ಸಿಕ್ಕಿದಳು, ಬರೆದುಕೊಳ್ಳಬಾರದಿತ್ತೇ?

ಈಗ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿಕೊಂಡು ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಎಷ್ಟು ರಾತ್ರಿ ಹೀಗೆ ಕೂರಲಿ? ತೇಯೋ ಎದ್ದ ಹಾಗಿದೆ. ಕೋಣೆಯಿಂದ ನನ್ನನ್ನೇ, ನನ್ನ ಹೆಸರು ಹಿಡಿದೇ ಕೂಗುತ್ತಿದ್ದಾನೆ.

"ಹೆರ್ಮಿನಿಯಾ, ಎಲ್ಲಿದ್ದೀಯೇ? ಬೇಗ ಬಾರೇ, ಆ ಹೆಂಗಸು ಇನ್ನೂ ಹೋಗಿಲ್ಲ."