ವೈರಿಗೆ ಬಿಟ್ಟ ದನಿ

ರಾಜಧಾನಿ ದಾವಣಗೆರೆ
ಒಣಮಾಸ ಮೂವತ್ತಮೂರು, ೨೧೮೯

ತಾಯಿ ಸರ್ವಮಂಗಳಮ್ಮನವರಿಗೆ ದಾಕ್ಷಾಯಣಿಯ ಶರಣಾರ್ಥಿ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಚೈತ್ರಕ್ಕೂ ವೈಶಾಖಕ್ಕೂ ನಡುವೆ ಬಿಸಿಲು ಬೆಳೆಯುತ್ತಲೇ ಹೋದಾಗ ನಮ್ಮ ಹಿರಿಯರು ಅದಕ್ಕೊಂದು ಹೆಸರು ಕೊಟ್ಟು ಪಂಚಾಂಗಕ್ಕೆ ಸೇರಿಸಿದರು. ಅದೇ ಒಣಮಾಸ, ಮೂವತ್ತು ದಿನಕ್ಕೆ ಮುಗಿಯದ ತಿಂಗಳು. ಈ ತಿಂಗಳಲ್ಲಿ ಮದುವೆ ಇಲ್ಲ, ಚುನಾವಣೆ ಇಲ್ಲ, ಸಭೆಯೂ ಕೂಡುವುದಿಲ್ಲ. ಬಿಸಿಲೇರಿದೊಡನೆ ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಂಡು ಇಳಿಹೊತ್ತಿಗೆ ತೆರೆಯುತ್ತವೆ. ಆ ನಡುವಿನ ಹೊತ್ತಿನಲ್ಲಿ ಹಿಂದೋಲೆ ಬರೆಯುವುದು ನಮ್ಮಲ್ಲಿ ರೂಢಿ. ಹಿಂದೋಲೆ ಎಂದರೆ ಹಿಂದಿನ ಕಾಲದ ಒಬ್ಬ ಹಿರಿಯರಿಗೆ ಬರೆಯುವ ಪತ್ರ. ಅದು ಮುಟ್ಟುತ್ತದೆಂದು ಯಾರೂ ಆಣೆ ಇಟ್ಟು ಹೇಳಿಲ್ಲ. ಮುಟ್ಟುವುದಿಲ್ಲವೆಂದೂ ಯಾರೂ ಬಂದು ಹೇಳಿಲ್ಲ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಮುಂದಿಟ್ಟುಕೊಂಡು ನಿಮ್ಮಂತೆ ಬರೆಯಲು ನೋಡಿದ್ದೇನೆ. ನಡುನಡುವೆ ನಮ್ಮ ಮಾತು ನುಸುಳಿದರೆ ಮನ್ನಿಸಿ.

ನೀವು ನನಗೆ ಐದು ತಲೆಮಾರು ಹಿಂದಿನ ಅಜ್ಜಿ. ಆದರೆ ಇದನ್ನು ಓದುವ ಹೊತ್ತಿಗೆ ನಿಮಗೆ ನನ್ನ ಮಗಳ ವಯಸ್ಸು, ನನಗೆ ಎಪ್ಪತ್ತು. ಅಜ್ಜಿ ಎನ್ನಲು ನಾಲಿಗೆ ಏಳದು. ನಮ್ಮ ವಂಶದಲ್ಲಿ ರಾಜಕೀಯದವರ ಕೈ ಹಿಡಿದವರು ನೀವು ಮತ್ತು ನಾನು ಇಬ್ಬರೇ ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಶಾಸಕರಾದ ನಿಮ್ಮ ಯಜಮಾನರು ಮುಂದೊಂದು ದಿನ ತಮ್ಮ ನೆನಪುಗಳನ್ನು ಬರೆದು ಅಚ್ಚು ಹಾಕಿಸುತ್ತಾರೆ. ಅದರ ಒಂದು ಪ್ರತಿ ನನ್ನ ಹತ್ತಿರ ಇದೆ. ದಪ್ಪ ಪುಸ್ತಕ. ಅದರಲ್ಲಿ ನಿಮ್ಮ ಹೆಸರು ಒಂದೇ ಕಡೆ ಬರುತ್ತದೆ, ಮುನ್ನುಡಿಯ ಕೊನೆಯಲ್ಲಿ, ಕರಡು ತಿದ್ದಿದವರ ಹೆಸರಾದ ಮೇಲೆ. ಇದನ್ನು ಹೇಳಿ ನಿಮ್ಮ ಮನಸ್ಸು ಕೆಡಿಸಬಾರದಿತ್ತು. ಆದರೆ ನನ್ನ ಹೊಟ್ಟೆಯೊಳಗಿನ ಉರಿ ಇನ್ನೊಬ್ಬರಿಗೆ ಅರ್ಥವಾಗುವುದಾದರೆ ಅದು ನಿಮಗೇ.

ನಿಮ್ಮಲ್ಲಿ ರಾಜಕೀಯದವರು ಡೈರಿ ಬರೆಯುವುದು ಅವರವರ ಇಷ್ಟ. ನಮ್ಮಲ್ಲಿ ಅದು ಕಾಯ್ದೆ. ಸಭೆಗೆ ಆರಿಸಿ ಬಂದವರು ಪ್ರತಿದಿನ ಒಬ್ಬರೇ ಕೂತು ಆ ದಿನ ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ದಿನನುಡಿ ಎನ್ನುತ್ತೇವೆ. ನೆಲ್ಲಿಕಾಯಿ ಗಾತ್ರದ ಒಂದು ಗುಂಡು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೇಳಿದವರು ಬದುಕಿರುವವರೆಗೆ ಯಾರೂ ಕೇಳುವಂತಿಲ್ಲ, ಕಟ್ಟಿಕೊಂಡವರೂ ಕೂಡ. ತೀರಿಕೊಂಡ ಮೇಲೆ ಗುಂಡು ದನಿಮನೆಗೆ ಸೇರುತ್ತದೆ. ಯಾವ ಮಾತನ್ನು ಜನರಿಗೆ ಬಿಡಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸಲು ಹೇಳಿದವರೇ ಒಬ್ಬರನ್ನು ನೇಮಿಸಿ ಹೋಗಿರುತ್ತಾರೆ. ಅವರೇ ದನಿವಾರಸುದಾರರು. ಸಾಮಾನ್ಯವಾಗಿ ಹೆಂಡತಿ ಅಥವಾ ಗಂಡ, ಇಲ್ಲವೇ ಮಕ್ಕಳು. ಹೊಲಮನೆಯ ವಾರಸಿಗಿಂತ ನಮ್ಮಲ್ಲಿ ಇದಕ್ಕೆ ಮರ್ಯಾದೆ ಹೆಚ್ಚು.

ನನ್ನ ಯಜಮಾನರು ಮುರಿಗೇಂದ್ರಪ್ಪ, ಕೆರೆಪಕ್ಷದವರು. ಒಂದು ಊರಲ್ಲಿ ಬಿದ್ದ ಮಳೆ ಆ ಊರಿನ ಕೆರೆಯಲ್ಲೇ ನಿಲ್ಲಬೇಕು ಎನ್ನುವವರು ಕೆರೆಪಕ್ಷ. ಇದ್ದವರ ನೀರು ಇಲ್ಲದವರಿಗೆ ಹರಿಯಬೇಕು ಎನ್ನುವವರು ಕೊಳವೆಪಕ್ಷ. ನಮ್ಮ ರಾಜಕೀಯವೆಲ್ಲ ಇಷ್ಟರಲ್ಲೇ ಮುಗಿಯಿತು. ಕೊಳವೆಪಕ್ಷದ ನಾಯಕರು ಹರಿಹರದ ಹಾಲಸ್ವಾಮಿ. ಇಬ್ಬರೂ ಸಭೆಯಲ್ಲಿ ಮೂವತ್ತು ವರ್ಷ ಎದುರುಬದುರು ಕೂತವರು. ನಮ್ಮ ಮನೆಯಲ್ಲಿ ಹಾಲಸ್ವಾಮಿಯ ಹೆಸರು ಎತ್ತುವಂತಿರಲಿಲ್ಲ. ಎತ್ತಿದರೆ ಯಜಮಾನರಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ನಾನೂ ಆ ಮನುಷ್ಯನನ್ನು ದ್ವೇಷಿಸಿದೆ. ಗಂಡನ ವೈರಿಯನ್ನು ದ್ವೇಷಿಸುವುದೂ ಸಂಸಾರದ ಕೆಲಸಗಳಲ್ಲಿ ಒಂದು ಎಂದುಕೊಂಡಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಯಜಮಾನರು ಲಿಂಗೈಕ್ಯರಾದರು. ಕ್ರಿಯೆಯ ದಿನ ಹಾಲಸ್ವಾಮಿ ಬಂದು, ಯಾರೊಡನೆಯೂ ಮಾತಾಡದೆ, ಒಂದು ಲೋಟ ನೀರೂ ಕುಡಿಯದೆ ಹಿಂದಿರುಗಿದರು. ಸತ್ತದ್ದು ಖಾತ್ರಿ ಮಾಡಿಕೊಳ್ಳಲು ಬಂದಿದ್ದಾನೆ ಎಂದು ನಾನು ಮಗಳ ಕಿವಿಯಲ್ಲಿ ಹೇಳಿದೆ.

ದಸರೆ ಕಳೆದ ಮೇಲೆ ದನಿಮನೆಯಿಂದ ಕರೆ ಬಂತು. ನಾನು ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟು ಹೋದೆ. ಗುಂಡು ಒಯ್ಯಲೆಂದು ಬೆಳ್ಳಿಯ ಭರಣಿಯನ್ನೂ ತೆಗೆದುಕೊಂಡಿದ್ದೆ. ಅಲ್ಲಿನ ಅಧಿಕಾರಿಣಿ ನೇಮಕದ ಮಾತನ್ನು ಕೇಳಿಸಿಕೊಂಡು ತಲೆ ತಗ್ಗಿಸಿದಳು.

"ಅಮ್ಮಾ, ಇದರಾಗೆ ನಿಮ್ಮ ಹೆಸರಿಲ್ಲ. ಹಾಲಸ್ವಾಮಿಯವರದು ಐತೆ."

"ಯಾವ ಹಾಲಸ್ವಾಮಿ?"

"ಹರಿಹರದೋರು."

ನಾನು ನಕ್ಕೆ. ಗುಂಡು ಅದಲುಬದಲಾಗಿರಬೇಕು, ಇನ್ನೊಮ್ಮೆ ನೋಡಮ್ಮ ಎಂದೆ. ಅವಳು ಇನ್ನೊಮ್ಮೆ ಹಾಕಿದಳು. ಈ ಸಲ ನನಗೂ ಕೇಳಿಸಿತು. ಯಜಮಾನರದೇ ದನಿ, ಚೂರೂ ತಡವರಿಕೆಯಿಲ್ಲ.

ವಾರಸು ಇಲ್ಲದಿದ್ದರೂ ಮಡದಿಗೆ ಕಿವಿಹಕ್ಕು ಎಂಬುದೊಂದಿದೆ. ಗುಂಡು ವಾರಸುದಾರರ ಕೈಸೇರುವ ಮುಂಚೆ ದನಿಮನೆಯಲ್ಲೇ ಕೂತು ಒಂದು ಸಲ ಪೂರ್ತಿ ಕೇಳಬಹುದು, ಎಷ್ಟು ದಿನ ಹಿಡಿದರೂ ಸರಿ. ನಾನು ದಿನಾ ಹೋಗಿ ಕೂತೆ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ರೊಟ್ಟಿ ಮುರಿದು ಬಾಯಿಗಿಡುವುದು, ಗಂಡನ ಮಾತು ಕೇಳುವುದು. ಮೊದಲು ಸಂತೋಷವಾಯಿತು, ಅದೇ ದನಿ, ಅದೇ ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ಮಾತು ಕಿವಿಗೆ ಬೀಳತೊಡಗಿತು. "ಇವತ್ತು ಹಾಲಸ್ವಾಮಿಗೆ ಕೆಮ್ಮು. ಆದ್ರೂ ಬಿಡಲಿಲ್ಲ, ಮಾತಾಡಿದ." "ಹಾಲಸ್ವಾಮಿ ಹೊಸ ಚಪ್ಪಲಿ ಹಾಕ್ಕೊಂಡು ಬಂದಿದ್ದ. ಕಚ್ಚುತ್ತಿತ್ತು ಅಂತ ಕಾಣುತ್ತೆ, ಕುಂಟ್ತಿದ್ದ." "ಹಾಲಸ್ವಾಮಿ ಬರಲಿಲ್ಲ. ಸಭೆ ಉಪ್ಪಿಲ್ಲದ ಸಾರಿನ ಹಂಗಿತ್ತು." ಮಗಳು ಹುಟ್ಟಿದ ದಿನವನ್ನು ಹುಡುಕಿಸಿ ಕೇಳಿದೆ. "ಹೆಣ್ಣುಮಗು. ಇಬ್ಬರೂ ಕ್ಷೇಮ. ಹಾಲಸ್ವಾಮಿ ನನ್ನ ಮಸೂದೆ ಮೇಲೆ ಒಂದೂವರೆ ತಾಸು ಮಾತಾಡಿದ. ಚಿಂದಿ ಚಿಂದಿ ಮಾಡಿಬಿಟ್ಟ. ಏನು ಮಾತು ಅವಂದು!"

ತಾಯಿ, ನಾನು ಹೊಸ ಸೀರೆ ಉಟ್ಟು ಎದುರಿಗೆ ಸುಳಿದಾಡಿದರೂ ತಲೆ ಎತ್ತದ ಮನುಷ್ಯ ಅವರು. ಆ ಕಣ್ಣು ವೈರಿಯ ಕಾಲಿನ ಚಪ್ಪಲಿಯನ್ನು ನೋಡಿತ್ತು. ಇನ್ನೊಬ್ಬ ಹೆಣ್ಣಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು; ಜುಟ್ಟು ಹಿಡಿದು ಬೀದಿಗೆ ಎಳೆಯುತ್ತಿದ್ದೆ. ಈ ಬಿಳಿಗಡ್ಡದ ಸವತಿಯನ್ನು ಏನು ಮಾಡಲಿ? ಅರ್ಧಕ್ಕೇ ಎದ್ದು ಬಂದೆ. ಬರುವಾಗ ದನಿಮನೆಯಲ್ಲಿ ತಕರಾರು ಅರ್ಜಿ ಕೊಟ್ಟೆ. ವಿಚಾರಣೆಯ ತನಕ ಕಾಯುವ ತಾಳ್ಮೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ನೆರಳುಬಂಡಿ ಹತ್ತಿ ಹರಿಹರಕ್ಕೆ ಹೋದೆ. ನಮ್ಮಲ್ಲಿ ಊರಿಂದೂರಿಗೆ ಹೋಗುವ ಹಾದಿಗಳಿಗೆಲ್ಲ ಚಾವಣಿ ಇದೆ; ಅದರಡಿ ಓಡುವ ಬಂಡಿ ಅದು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ.

ಬಾಗಿಲು ತೆಗೆದವರು ಅವರ ಮಡದಿ ಕೊಟ್ರಮ್ಮ. ನನ್ನ ಮುಖ ನೋಡಿದೊಡನೆ ಗುರುತು ಹಿಡಿದರು.

"ಮುರಿಗೇಂದ್ರಪ್ಪಾರ ಮನೆಯೋರಲ್ವಾ? ಬರ್ರಿ ಒಳಗೆ. ಈ ಮನೇಲಿ ನಿಮ್ಮ ಯಜಮಾನ್ರು ಉಣ್ಣೋಕೆ ಒಂದು ಬರ್ಲಿಲ್ಲ, ಅಷ್ಟೆ. ಉಳಿದಂಗೆ ದಿನಾ ಇಲ್ಲೇ ಇದ್ರು."

"ಹಂಗಂದ್ರೆ?"

"ಬೆಳಗೆದ್ದು ಹಲ್ಲುಜ್ಜೋವಾಗ್ಲೇ ಶುರು. ಇವತ್ತು ಮುರಿಗೇಂದ್ರ ಏನಂತಾನೋ, ಅದಕ್ಕೆ ನಾನೇನನ್ಲಿ ಅಂತ. ತಾಳಿ ಕಟ್ಟಿದ್ದು ನನಗೆ, ಸಂಸಾರ ಮಾಡಿದ್ದು ನಿಮ್ಮನೆಯೋರ ಜತಿಗೆ." ಕೊಟ್ರಮ್ಮ ನಗಲಿಲ್ಲ. ಹುರಿದ ಜೋಳದ ಕಾಫಿ ತಂದುಕೊಟ್ಟರು. ನಿಮ್ಮ ಕಾಫಿಬೀಜ ನಮಗೆ ಹೆಸರಾಗಿ ಮಾತ್ರ ಉಳಿದಿದೆ.

ಹಾಲಸ್ವಾಮಿ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ದನಿಮನೆಯಲ್ಲಿ ಅರ್ಧ ಕೇಳಿ ಎದ್ದು ಬಂದದ್ದನ್ನು ಹೇಳಿ, ವಾರಸು ನನಗೆ ಬಿಟ್ಟುಕೊಡಿ ಎಂದೆ. ಅವರು ನನ್ನ ಬಾಯನ್ನೇ ದಿಟ್ಟಿಸುತ್ತ ಕೇಳಿದರು.

"ಕೊಡಂಗಿಲ್ಲ ತಂಗಿ. ಅವನು ನನಗೆ ಬಿಟ್ಟು ಹೋಗ್ಯಾನೆ."

"ನಲವತ್ತು ವರ್ಷ ಅನ್ನ ಬಡಿಸಿದೋಳು ನಾನು!"

"ನೀನು ಬಡಿಸ್ದೆ, ನಾನು ಬೈದೆ. ಎರಡೂ ಇಲ್ದೆ ಅವನಿಗೆ ನಿದ್ದೆ ಬರ್ತಿರ್ಲಿಲ್ಲ."

ಕೈಯಲ್ಲಿದ್ದ ಲೋಟವನ್ನು ಎಸೆಯಬೇಕೆನಿಸಿತು. ಆಗ ಕೊಟ್ರಮ್ಮ ನನ್ನ ಭುಜ ಮುಟ್ಟಿ ಹೇಳಿದರು, ಇವರಿಗೆ ಕಿವಿಯ ನರ ಒಣಗಿದೆ, ಯಂತ್ರವೂ ಹಿಡಿಯುತ್ತಿಲ್ಲ, ಎದುರಿಗೆ ಕೂತವರ ತುಟಿ ನೋಡಿ ಮಾತು ತಿಳಿಯುತ್ತಾರೆ ಎಂದು. "ಗುಂಡಿಗೆ ತುಟಿ ಎಲ್ಲೈತೆ ಹೇಳ್ರಿ? ತಂದು ಎದೆ ಮೇಲಿಟ್ಕೊಂಡು ಕೂರ್ತಾರೆ, ಅಷ್ಟೆ."

ಹಾಲಸ್ವಾಮಿ ಹತ್ತಿರ ಸರಿದು, ಸಭೆಯಲ್ಲಿ ಗುಡುಗಿದ ಗಂಟಲು ಇದೇನಾ ಎನ್ನುವಷ್ಟು ಮೆಲ್ಲಗೆ ಕೇಳಿದರು:

"ನೀನು ಕೇಳಿದೀಯಂತಲ್ಲ. ನನ್ ಬಗ್ಗೆ ಏನರ ಅಂದಾನಾ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ಸಲವೂ ಇಲ್ಲ ಎಂದಿದ್ದರೆ ಆ ಮುದುಕ ಅಲ್ಲೇ ಕುಸಿಯುತ್ತಿದ್ದ. ಮಾತು ತುಟಿಯ ತನಕ ಬಂತು. ಆದರೆ ಕಿವಿಯಾರೆ ಕೇಳಿದ್ದು ಇಲ್ಲ ಎನ್ನಲು ಬಿಡಲಿಲ್ಲ. ಬೈಗುಳಗಳನ್ನೇ ಆರಿಸಿ ಆರಿಸಿ ಹೇಳಿದೆ. ಕೊಳವೆಹಾವು ಅಂದಿದ್ದಾರೆ. ತಳವಿಲ್ಲದ ಕೊಡ ಅಂದಿದ್ದಾರೆ. ಹಾಲಸ್ವಾಮಿ ಮಾತು ನಿಲ್ಲಿಸಿದರೆ ರಾಜ್ಯದ ಅರ್ಧ ಬಿಸಿಲು ಕಡಿಮೆಯಾದೀತು ಅಂದಿದ್ದಾರೆ. ಒಂದೊಂದು ಮಾತಿಗೂ ಅವರ ಮುಖ ಅರಳುತ್ತ ಹೋಯಿತು. ತೊಡೆ ತಟ್ಟಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬಂತು. "ಇನ್ನೊಂದ್ಸಲ ಹೇಳವ್ವ! ಹಂಗೇ ಅಂದ್ನಾ? ಮತ್ತೇನಂದ?" ಚುಚ್ಚಲೆಂದು ಎತ್ತಿದ್ದೆಲ್ಲ ಅವರಿಗೆ ಹೋಳಿಗೆಯ ಊಟವಾಯಿತು. ನನ್ನ ಗಂಡನ ಬಾಯಾಗಿ ಅವರೆದುರು ಕೂತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಇಳಿಹೊತ್ತಾಗಿತ್ತು.

ಕೊನೆಗೆ ಅವರೇ ದಾರಿ ಹುಡುಕಿದರು. "ಹೆಸರು ನಂದಿರ್ಲಿ, ಕಿವಿ ನಿಂದಿರ್ಲಿ. ಗುಂಡು ನಿನ್ ಹತ್ರ ಇಟ್ಕೋ. ವಾರಕ್ಕೊಂದಿನ ಬಂದು ಹೇಳು." ದನಿಮನೆಯವರು ಗೊಣಗಿಕೊಂಡೇ ಒಪ್ಪಿದರು, ನಾನು ತಕರಾರು ಹಿಂದಕ್ಕೆ ಪಡೆದೆ. ಅಲ್ಲಿಂದ ಪ್ರತಿ ಸೋಮವಾರ ನಾನು ಹರಿಹರದ ಪಾಲಾದೆ.

ಮೊದಲ ಸೋಮವಾರ ಅವರು ಕೊನೆಯ ದಿನನುಡಿಯಿಂದ ಶುರುಮಾಡು ಎಂದರು. ಅಲ್ಲಿಯತನಕ ನಾನು ಕೇಳಿರಲಿಲ್ಲ. ಗುಂಡನ್ನು ಕಿವಿಗಿಟ್ಟುಕೊಂಡು, ಒಂದೊಂದೇ ಮಾತನ್ನು ಅವರಿಗೆ ಕಾಣುವಂತೆ ಹೇಳುತ್ತ ಹೋದೆ. "ವಾರಸು ದಾಕ್ಷಾಯಣಿಗೆ ಕೊಡಬೇಕಿತ್ತು. ಆದ್ರೆ ಅವಳು ನನ್ನನ್ನ ಒಳ್ಳೆಯವನನ್ನಾಗಿ ಮಾಡಿಬಿಡ್ತಾಳೆ. ಎರಡು ಸಲ ಪಕ್ಷ ಒಡೆದದ್ದು, ಮತ ಮಾರಿಕೊಂಡವರ ಜತೆ ಕೂತು ಉಂಡದ್ದು, ಎಲ್ಲ ತೆಗೆದುಹಾಕ್ತಾಳೆ. ಹಾಲಸ್ವಾಮಿ ಬಿಡಲ್ಲ. ಇದ್ದದ್ದನ್ನ ಇದ್ದಂಗೆ ಇಡ್ತಾನೆ." ಅಷ್ಟು ಹೇಳಿ ನಾನು ನಿಲ್ಲಿಸಿದೆ. ಹಾಲಸ್ವಾಮಿ ಕೇಳಿದರು:

"ತೆಗೀತಿದ್ದೆ ಏನವ್ವ?"

"ತೆಗೀತಿದ್ದೆ," ಎಂದೆ. "ಒಂದೂ ಬಿಡದಂಗೆ."

ಅದು ಸರಿಯಾದ ಕಾರಣ, ತಾಯಿ. ನನ್ನನ್ನು ಅಷ್ಟು ಬಲ್ಲ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ಏನೂ ಉಳಿದಿರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ಕಾರಣ ಹೇಳಿದರೆ ಅದು ಆರುತ್ತದೆಯೇ? ಬಂಡಿಯಲ್ಲಿ ಬರುವಾಗ ಮತ್ತೆ ಚಪ್ಪಲಿಯ ಮಾತೇ ನೆನಪಾಯಿತು.

ಹಾಗೆಂದು ಹೋಗುವುದನ್ನು ಬಿಡಲಿಲ್ಲ. ಮಾಘದ ಹೊತ್ತಿಗೆ ಹಾಲಸ್ವಾಮಿ ಬರೀ ಕೇಳುವುದು ಬಿಟ್ಟು ಜಗಳಕ್ಕೆ ಬಂದರು. ಕೆರೆಯ ಹೂಳಿನ ಬಗ್ಗೆ ಮುರಿಗೇಂದ್ರ ಹೇಳಿದ್ದು ಶುದ್ಧ ಸುಳ್ಳು ಎಂದರು. ನಾನು ರಾಜಕೀಯದ ಮಾತು ಬಂದರೆ ಒಳಗೆ ಎದ್ದುಹೋಗುತ್ತಿದ್ದವಳು. ಆ ದಿನ ಎದ್ದುಹೋಗಲಿಲ್ಲ. ಸುಳ್ಳಲ್ಲ, ನಿಮ್ಮ ಕೊಳವೆ ಎಲ್ಲೆಲ್ಲಿ ಸೋರುತ್ತಿತ್ತು ಎಂದು ನಾನೂ ಬಲ್ಲೆ ಎಂದೆ. ಅವರು ಕಣ್ಣರಳಿಸಿದರು. "ಬಂತು ನೋಡು, ಕೆರೆಯ ನೀರು!" ಎಂದು ಮಂಚದಿಂದ ಕೆಳಗಿಳಿದು ಕೂತರು. ಮುಂದಿನ ವಾರ ನಾನು ಕಾಗದಪತ್ರ ಓದಿಕೊಂಡು ಹೋದೆ. ಅದರ ಮುಂದಿನ ವಾರ ಗುಂಡನ್ನು ತೆಗೆಯಲೇ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ, ಈ ಸೋಮವಾರ ಆ ಮನುಷ್ಯ ಏನೆನ್ನಬಹುದು, ಅದಕ್ಕೆ ನಾನೇನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಒಣಮಾಸ ಬಂದು ಹರಿಹರದ ಹಾದಿ ಮುಚ್ಚುವ ಮುಂಚಿನ ಸೋಮವಾರ ನಾವಿಬ್ಬರೂ ದನಿ ಏರಿಸಿ, ಕೈ ಬೀಸಿ, ತುಂಗಭದ್ರೆಯ ಪಾಲಿನ ಬಗ್ಗೆ ಕಾದಾಡುತ್ತಿದ್ದೆವು. ಹಾಲಸ್ವಾಮಿ, "ಮುರಿಗೇಂದ್ರನಿಗಿಂತ ನೀನೇ ವಾಸಿ ಕಣವ್ವ!" ಎಂದರು. ಕೊಟ್ರಮ್ಮ ಕಾಫಿ ತಂದರು. ಗಂಡನ ಲೋಟವನ್ನು ಕೈಗೆ ಕೊಟ್ಟರು. ನನ್ನದನ್ನು ನೆಲದ ಮೇಲೆ ಟಕ್ ಎಂದು ಕುಕ್ಕಿ, ನನ್ನ ಮುಖ ನೋಡದೆ ಒಳಗೆ ಹೋದರು. ಕಾಫಿ ಅರ್ಧ ನೆಲಕ್ಕೆ ಚೆಲ್ಲಿತು.

ನನಗೆ ಸಂತೋಷವಾಯಿತು ತಾಯಿ, ಮುಚ್ಚಿಡುವುದೇಕೆ. ಚೆಲ್ಲಿ ಉಳಿದದ್ದನ್ನು ನಿಧಾನವಾಗಿ ಕುಡಿದೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಯಜಮಾನರ ಪುಸ್ತಕ ಅಚ್ಚಾಗುವವರೆಗೆ ಕಾಯಬೇಡಿ. ಅವರ ವೈರಿ ಯಾರು ಎಂದು ಊರಿಗೆಲ್ಲ ಗೊತ್ತಿರುತ್ತದೆ. ನೀವಿಬ್ಬರು, ಅವರಿಬ್ಬರು, ನಾಲ್ಕು ಜನವೂ ಗಟ್ಟಿಯಾಗಿರುವಾಗಲೇ ಒಂದು ದಿನ ಹೂವು ಹಣ್ಣು ಹಿಡಿದು ಆ ಮನೆಗೆ ಹೋಗಿ. ಬಾಗಿಲು ತೆಗೆಯುವ ಹೆಂಗಸು ನಿಮ್ಮನ್ನು ನೋಡಿದೊಡನೆ ಗುರುತು ಹಿಡಿಯುತ್ತಾಳೆ. ಅವಳು ಕೂರಿಸಿದ ಕಡೆ ಕೂತುಕೊಳ್ಳಿ, ಬೇಗ ಏಳಬೇಡಿ.

ನಿಮ್ಮ ವಂಶದವಳು,
ದಾಕ್ಷಾಯಣಿ